ಮಣ್ಣೊಳಗಿದ್ದ ಅರ್ಧ ಕಲ್ಲು

ಮುಂಬಯಿ ಪಕ್ಕದ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನಾವಿದ್ದ ಕಾಲೊನಿಯ ಹಿಂದೆ ಒಂದು ಅಶ್ವತ್ಥ ಮರವಿತ್ತು. ಅದರ ಒಂದು ಬದಿಗೆ ಮುಚ್ಚಿಹೋದ ಫ್ಯಾಕ್ಟರಿಯ ಗೋಡೆ, ಇನ್ನೊಂದು ಬದಿಗೆ ಗಟಾರ. ಮರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಪ್ಪು ಕಲ್ಲು ನೆಟ್ಟಗೆ ನಿಂತಿತ್ತು. ಆ ಒಂದು ಕಲ್ಲಿಗೆ ಮೂರು ಹೆಸರು, ಮೂರು ಬಗೆಯ ಪೂಜೆ, ಮೂರು ಭಾಷೆಯ ಹರಕೆ. ಉಡುಪಿ, ಮಂಗಳೂರು ಕಡೆಯ ಹೆಂಗಸರಿಗೆ ಅದು ನಾಗ. ಅಶ್ವತ್ಥದ ಬುಡದಲ್ಲಿ ಕಲ್ಲಿದ್ದರೆ ಅದು ನಾಗನಲ್ಲದೆ ಇನ್ನೇನು ಎಂಬುದು ಅವರ ವಾದ. ಜೊತೆಗೆ ಒಂದು ಮಳೆಗಾಲದಲ್ಲಿ ಅಲ್ಲಿ ನಿಜವಾದ ಹಾವೂ ಕಂಡಿತ್ತು. ಅಲ್ಲಿಗೆ ಮಾತು ಮುಗಿದಿತ್ತು. ಮರಾಠಿ ಮನೆಯವರಿಗೆ ಅದು ಊರು ಕಾಯುವ ದೇವರು ಮ್ಹಸೋಬಾ. ಅವರು ಅಮಾವಾಸ್ಯೆಗೊಮ್ಮೆ ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಧಾರಾಳವಾಗಿ ಬಳಿದು ಹೋಗುತ್ತಿದ್ದರು. ಗೋಡೆಯಾಚೆಗಿನ ತಗಡಿನ ಶೆಡ್ಡುಗಳಲ್ಲಿ ಕಲಬುರಗಿ, ರಾಯಚೂರು ಕಡೆಯಿಂದ ಬಂದು ಲಾರಿಗಳಿಗೆ ಮಾಲು ತುಂಬುವವರ ಕುಟುಂಬಗಳಿದ್ದವು. ಅವರಿಗೆ ಅದು ಎಲ್ಲಮ್ಮ. ಹಸಿರು ಬಳೆ, ಖಣ, ಅರಿಶಿನ ತಂದು ಉಡಿ ತುಂಬುತ್ತಿದ್ದರು.

“ನಾಗನಿಗೆ ಬಳೆಯಾ? ಕೈ ಎಲ್ಲುಂಟು ಅದಕ್ಕೆ?” ಎಂದು ಅಮ್ಮ ಗೊಣಗುತ್ತಿದ್ದಳು. ಗೊಣಗುತ್ತಲೇ ಬಳೆಗಳನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ ಹಾಲು, ಸೀಯಾಳ ಎರೆದು, ಮತ್ತೆ ಬಳೆಗಳನ್ನು ಇದ್ದಲ್ಲೇ ಇಡುತ್ತಿದ್ದಳು. ನಮ್ಮ ಕಡೆ ಈ ಎರೆಯುವುದಕ್ಕೆ ತನು ಹಾಕುವುದು ಎನ್ನುತ್ತಾರೆ. ಚಿಕ್ಕವಳಿದ್ದಾಗ ನನಗೆ ಟೈಫಾಯ್ಡ್ ಬಂದು ವಾಸಿಯಾದದ್ದರಲ್ಲಿ ಅರ್ಧ ಡಾಕ್ಟರರದು, ಅರ್ಧ ಈ ಕಲ್ಲಿನದು ಎಂದು ಅಮ್ಮ ನ್ಯಾಯವಾಗಿ ಪಾಲು ಮಾಡಿಕೊಟ್ಟಿದ್ದಳು. ಮದುವೆಯಾಗಿ ಬಂದಾಗ ಈ ಊರಿನಲ್ಲಿ ಒಂದು ಅಕ್ಷರ ಓದಲು ಬಾರದ, ಒಂದು ಮುಖದ ಗುರುತಿಲ್ಲದ ಅವಳು ಮೊದಲು ಮಾತಾಡಿದ್ದು ಆ ಕಲ್ಲಿನ ಜೊತೆಗಂತೆ. ಅದನ್ನು ಅವಳು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದಳು.

ನಾನು ಹನ್ನೆರಡನೆಯ ಕ್ಲಾಸು ಮುಗಿಸಿದಾಗ ಕಾಮರ್ಸ್ ಓದಬೇಕೆಂದು ಊರಿಗೆ ಊರೇ ಹೇಳಿತು. ಫ್ಯಾಕ್ಟರಿಯೊಂದರ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದ ಅಪ್ಪ, “ಸತ್ತವರ ಸುದ್ದಿ ಓದಿ ಇದ್ದವರಿಗೆ ಎಂತ ಲಾಭ?” ಎಂದು ಕೇಳಿದರು. ನಾನು ಹಟ ಬಿಡಲಿಲ್ಲ. ಕಲ್ಯಾಣದ ಕಾಲೇಜೊಂದರಲ್ಲಿ ಬಿ.ಎ.ಗೆ ಸೇರಿದೆ. ಬಿ.ಎ. ಅಂದರೆ ಎಲೆಯ ತುದಿಯಿಂದ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸುವ ಊಟ: ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಮನಃಶಾಸ್ತ್ರ, ಮರಾಠಿ ಸಾಹಿತ್ಯ. ನಾನು ಇತಿಹಾಸದ ಮುಂದೆ ಕೂತವಳು ಏಳಲೇ ಇಲ್ಲ.

ಅದಕ್ಕೆ ಕಾರಣ ನಮ್ಮ ಇತಿಹಾಸದ ಮೇಡಂ. ಡೊಂಬಿವಿಲಿಯವರು, ಮರಾಠಿ ಮಾತೃಭಾಷೆ, ಸಣ್ಣ ಆಳು, ದೊಡ್ಡ ದನಿ. ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಭೇಳ್‌ಪುರಿಯಂತೆ ಕಲಸಿ ಪಾಠ ಮಾಡುತ್ತಿದ್ದರು. ಯಾರು ಏನು ಹೇಳಿದರೂ ಅವರದು ಒಂದೇ ಪ್ರಶ್ನೆ: “ತುಲಾ ಕಸಂ ಕಳಲಂ? ಅದು ನಿನಗೆ ಹೇಗೆ ಗೊತ್ತಾಯಿತು?” ಪುಸ್ತಕದಲ್ಲಿದೆ ಎಂದರೆ ಪುಸ್ತಕ ಬರೆದವನಿಗೆ ಹೇಗೆ ಗೊತ್ತಾಯಿತು ಎಂದು ಕೇಳುವರು. ಹುಡುಗರು ಬೆನ್ನ ಹಿಂದೆ ಅವರನ್ನು ಪೊಲೀಸ್ ಠಾಣೆ ಎನ್ನುತ್ತಿದ್ದರು. ಕಣ್ಣಿಗೆ ಕಂಡದ್ದನ್ನು ಮೊದಲು ಹೇಳು, ಮನಸ್ಸಿಗೆ ಅನಿಸಿದ್ದನ್ನು ಆಮೇಲೆ ಹೇಳು ಎಂಬುದು ಅವರ ತರಗತಿಯ ಕಟ್ಟಳೆ.

ಮೊದಲ ವರ್ಷದ ಒಂದು ದಿನ ಅವರು, “ನೀವೆಲ್ಲ ದಿನಾ ಕಲ್ಯಾಣದಲ್ಲಿ ಇಳಿಯುತ್ತೀರಲ್ಲ, ಯಾವ ಊರಲ್ಲಿ ಇಳಿಯುತ್ತಿದ್ದೇವೆ ಎಂದು ಗೊತ್ತಾ?” ಎಂದರು. ಗೊತ್ತು ಎಂದು ನಕ್ಕೆವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಈ ಊರಿಗೆ ಸಮುದ್ರದಾಚೆಯ ಹಡಗುಗಳು ಬರುತ್ತಿದ್ದವು ಎಂದರು. ಇಲ್ಲಿನ ಒಬ್ಬ ಅಕ್ಕಸಾಲಿಗ ದೂರದ ಗುಡ್ಡದ ಗುಹೆಗಳಲ್ಲಿದ್ದ ಬೌದ್ಧ ಭಿಕ್ಷುಗಳಿಗಾಗಿ ಬಂಡೆಯಲ್ಲಿ ನೀರಿನ ತೊಟ್ಟಿ ಕೊರೆಸಿ, ಅದರ ಪಕ್ಕದಲ್ಲಿ ತನ್ನ ಹೆಸರನ್ನೂ ಊರನ್ನೂ ಕೆತ್ತಿಸಿದ್ದಾನೆ, ಈಗಲೂ ಹೋಗಿ ನೋಡಬಹುದು ಎಂದರು. ಆ ದಿನ ಮನೆಗೆ ಹೊರಟವಳು ಕಲ್ಯಾಣ ಸ್ಟೇಷನ್ನಿನ ಪಾದಚಾರಿ ಸೇತುವೆಯ ಮೇಲೆ ನಿಂತುಬಿಟ್ಟೆ. ಕೆಳಗೆ ಹಳಿಗಳು, ಜನ, ಕಸಾರಾ ಕಡೆಯ ಲೋಕಲ್ಲಿನ ಅನೌನ್ಸ್‌ಮೆಂಟು. ಯಾರಿಗೋ ನೀರಡಿಕೆಯಾಗದಿರಲಿ ಎಂದುಕೊಂಡ ಒಬ್ಬ ಮನುಷ್ಯ ಈ ಊರಿನವನೇ, ಇದೇ ನೆಲದ ಮೇಲೆ ನಡೆದವನೇ. ಹಿಂದಿನಿಂದ ಒಬ್ಬಾಕೆ, “ಅರೇ ಚಲ್ ನಾ, ಖಡೀ ಕ್ಯೂಂ ಹೈ!” ಎಂದು ತಿವಿದ ಮೇಲೆ ಮುಂದಕ್ಕೆ ನಡೆದೆ.

ಎರಡನೆಯ ವರ್ಷದಲ್ಲಿ ಕಲ್ಲಿನ ಶಾಸನಗಳ ಪಾಠ ಬಂತು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಮೇಡಂ ಸ್ಲೈಡು ತೋರಿಸುತ್ತಿದ್ದರು. ಒಂದು ಉದ್ದನೆಯ ಕಲ್ಲು ಪರದೆಯ ಮೇಲೆ ಬಂತು. ಮೇಲ್ಗಡೆ ಸೂರ್ಯ, ಚಂದ್ರ, ನಡುವೆ ಕಲಶ. ಅದರ ಕೆಳಗೆ ಅಕ್ಷರಗಳ ಸಾಲು. ಅಕ್ಷರಗಳ ಕೆಳಗೆ ಒಂದು ಕತ್ತೆ, ಕತ್ತೆಯ ಕೆಳಗೆ ಒಬ್ಬ ಹೆಂಗಸು. ನೋಡಲು ಮುಜುಗರವಾಗುವಂಥ ಚಿತ್ರ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಶುರುವಾಯಿತು. ಮೇಡಂ ನಗುವವರು ನಗಲಿ ಎಂದು ಕಾದು ವಿವರಿಸಿದರು. ಇದು ಭೂಮಿ ದಾನ ಕೊಟ್ಟ ಕಲ್ಲು. ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ಈ ಸೀಮೆಯಲ್ಲಿ ರಾಜರು ನೆಲ ಕೊಟ್ಟಾಗ ಇಂಥವನ್ನು ನೆಡುತ್ತಿದ್ದರು. ಸೂರ್ಯಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬುದಕ್ಕೆ ಆ ಸೂರ್ಯಚಂದ್ರ. ಓದಲು ಬಾರದವನಿಗೂ ಹೆದರಿಕೆ ಹುಟ್ಟಲಿ ಎಂದು ಈ ಕತ್ತೆ. ಯಾರು ಈ ನೆಲವನ್ನು ಕಿತ್ತುಕೊಳ್ಳುತ್ತಾರೋ ಅವರ ತಾಯಿಗೆ ಕತ್ತೆಯಿಂದ ಈ ಗತಿಯಾಗಲಿ ಎಂಬ ಶಾಪ. ಎಷ್ಟೋ ಕಲ್ಲುಗಳು ಇನ್ನೂ ಅಲ್ಲಲ್ಲಿ ಅರ್ಧ ಹೂತುಕೊಂಡು ನಿಂತಿವೆ, ಜನ ಅವಕ್ಕೆ ಸಿಂಧೂರ ಹಚ್ಚುತ್ತಾರೆ ಎಂದು ಅವರು ಮುಗಿಸುವಷ್ಟರಲ್ಲಿ ನಾನು ಬೆಂಚಿನಿಂದ ಎದ್ದು ನಿಂತಿದ್ದೆ.

ಯಾಕೆಂದರೆ ನಮ್ಮ ಕಲ್ಲಿನ ನೆತ್ತಿಯ ಮೇಲೆ ದುಂಡಗಿನ ಒಂದು ಉರುಟು ಇತ್ತು, ಅದರ ಪಕ್ಕದಲ್ಲಿ ಒಂದು ಕುಡುಗೋಲಿನಂಥ ಬಾಗು ಇತ್ತು. ಸಿಂಧೂರದ ಪದರಗಳ ಅಡಿಯಲ್ಲಿ ಅವು ಉಬ್ಬಿಕೊಂಡಿದ್ದುದನ್ನು ಹಾಲು ಎರೆಯುವಾಗಲೆಲ್ಲ ನೋಡಿದ್ದೆ. ಉರುಟು ನಾಗನ ಹೆಡೆ, ಬಾಗು ಅದರ ಬಾಲ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಅದೇ ಉರುಟು ಎಲ್ಲಮ್ಮನ ಮುಖ, ಬಾಗು ಅವಳ ಮೂಗುತಿ ಎಂದು ಕಲಬುರಗಿಯವರು. ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ಹಿಂದಕ್ಕೆ ಓಡಿದೆ. ಬಾಗಿನ ಕೆಳಗೆ ಬೆರಳಾಡಿಸಿದೆ. ಎಣ್ಣೆ, ಸಿಂಧೂರ, ಮಸಿ. ಅವುಗಳ ಕೆಳಗೆ, ಮಣ್ಣಿನ ಮಟ್ಟಕ್ಕೆ ಸರಿಯಾಗಿ, ಒಂದು ಸಾಲು ಅಕ್ಷರಗಳ ತಲೆಗಳು ಬೆರಳಿಗೆ ತಾಗಿದವು. ನಾನು ಹುಟ್ಟಿದಂದಿನಿಂದ ನೋಡಿದ ಕಲ್ಲು. ಅದು ಇಷ್ಟು ಕಾಲ ಮಾತಾಡುತ್ತಲೇ ಇತ್ತು.

ಮೇಡಂ ಒಂದು ಭಾನುವಾರ ಬಂದು ನೋಡಿದರು. ಚಪ್ಪಲಿ ಬಿಟ್ಟು, ತಲೆಬಾಗಿ, ಆಮೇಲೆ ಕೂತು ಬಹಳ ಹೊತ್ತು ನೋಡಿದರು. “ಇರಬಹುದು. ಕೆಳಗಿನ ಅರ್ಧ ಮಣ್ಣಿನೊಳಗಿದೆ, ಅದನ್ನು ನೋಡುವ ತನಕ ನಾನು ಹೌದು ಅನ್ನುವುದಿಲ್ಲ,” ಎಂದರು. ಸ್ವಲ್ಪ ಅಗೆದು ನೋಡೋಣವೇ ಎಂದು ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. “ಇದು ಇಷ್ಟು ಜನರ ದೇವರು, ಮಗೂ. ನಿನಗೆ ಆಸೆಯಾಯಿತು ಎಂದು ಅಗೆಯಲು ಬರುವುದಿಲ್ಲ.” ಅದಾದ ಮೇಲೆ ಒಂದು ವರ್ಷ ಆ ಮಣ್ಣಿನ ಮುಂದೆ ನಾನು ಬೀಗದ ಮನೆಯ ಮುಂದೆ ಕೂತವಳ ಹಾಗೆ ಕೂತಿದ್ದೇನೆ.

ಕೊನೆಯ ವರ್ಷದ ಪರೀಕ್ಷೆ ಮುಗಿದ ಮೇ ತಿಂಗಳಲ್ಲಿ ಬೀಗ ತಾನಾಗಿಯೇ ತೆರೆಯುವ ಹಾಗಾಯಿತು. ಮಳೆಗೆ ಮುಂಚೆ ಗಟಾರ ಅಗಲ ಮಾಡಬೇಕು, ಕಲ್ಲನ್ನು ಮರದ ಆಚೆ ಬದಿಗೆ ಸರಿಸಿಕೊಳ್ಳಿ ಎಂದು ಕೆಲಸದವರು ಹೇಳಿಹೋದರು. ಆ ಕಾಲೊನಿಯಲ್ಲಿ ನೀರಿನ ನಳದಿಂದ ಹಿಡಿದು ಗಣಪತಿಯ ಪೆಂಡಾಲಿನವರೆಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಈ ವಿಷಯದಲ್ಲಿ ಮಾತ್ರ ಮೂರು ಕಡೆಯವರೂ ಒಟ್ಟಾದರು. ಭಾನುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ತೆಂಗಿನಕಾಯಿ, ಸಿಂಧೂರ ಎದುರು ಮನೆಯ ಮರಾಠಿ ಮಾವಶಿಯದು. “ಭಾರ ಎತ್ತೋದು ನಮ್ಮ ಕಡಿ ಬಿಡ್ರಿ ಯಕ್ಕಾ, ದಿನಾ ಅದೇ ಮಾಡ್ತೀವಿ,” ಎಂದಳು ಶೆಡ್ಡಿನ ಹೆಂಗಸರಲ್ಲಿ ಹಿರಿಯಳಾದ ಕಲಬುರಗಿಯಾಕೆ. ಹೊಸ ಜಾಗದಲ್ಲಿ ಮೊದಲ ತನು ಹಾಕುವುದು ಅಮ್ಮ. ಆ ಮಾತು ಬಂದಾಗ ಅಮ್ಮನ ಮುಖ ನೋಡಬೇಕಿತ್ತು. ಸೆರಗು ಸರಿಮಾಡಿಕೊಂಡು, ತನಗೇನೂ ಅನಿಸಿಲ್ಲ ಎಂಬಂತೆ ಒಳಗೆ ಹೋದವಳು ಅಡಿಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು.

ನನ್ನ ಚಿಂತೆ ಬೇರೆಯಿತ್ತು. ಕಲ್ಲನ್ನು ಎತ್ತಿದಾಗ ಅದರ ಕೆಳಗಿನ ಅರ್ಧ ಗಂಡಸರು, ಮಕ್ಕಳು, ಮುದುಕರು ಎಲ್ಲರ ಮುಂದೆ ಹಗಲು ಬೆಳಕಿಗೆ ಬರುತ್ತದೆ. ಹಾಲಿನ ಚೊಂಬು ಹಿಡಿದ ಅಮ್ಮ ಎಲ್ಲರಿಗಿಂತ ಮುಂದೆ ನಿಂತಿರುತ್ತಾಳೆ. ಮೇಡಂಗೆ ಫೋನು ಮಾಡಿದೆ. “ನನ್ನನ್ನು ಯಾಕೆ ಕೇಳುತ್ತೀ, ಅಮ್ಮನಿಗೆ ಹೇಳು,” ಎಂದರು.

ಅಮ್ಮ ಟೆರೇಸಿನಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಚಮಚ ಹಿಡಿದು ಹೇಳಿದೆ. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಸೂರ್ಯಚಂದ್ರರ ತನಕ ಅವಳು ಚೆನ್ನಾಗಿಯೇ ಕೇಳಿಸಿಕೊಂಡಳು, ಕಣ್ಣರಳಿಸಿದಳು ಕೂಡ. “ಸಾವಿರ ವರ್ಷವಾ! ನಮ್ಮ ಮರದ ಬುಡದಲ್ಲಾ!” ಎಂದಳು. ಕತ್ತೆಯ ವಿಷಯಕ್ಕೆ ಬಂದಾಗ ಅವಳ ಕೈ ನಿಂತಿತು. ಮುಗಿಸಿದ ಮೇಲೆ ಚಮಚವನ್ನು ಪಾತ್ರೆಯೊಳಗೆ ಇಟ್ಟಳು.

“ಜಾಗ ಕಿತ್ತುಕೊಳ್ಳುವವ ಯಾರು?” ಎಂದಳು ಕೊನೆಗೆ.

“ಯಾರೋ ರಾಜ. ಯಾರೋ ಅಧಿಕಾರಿ.”

“ಗಂಡಸು ತಾನೆ?”

“ಹೌದು.”

“ಮತ್ತೆ ಅವನ ಅಮ್ಮ ಎಂತ ಮಾಡಿದ್ದಾಳೆ?”

ಅಮ್ಮ ಹಿಟ್ಟಿನ ಪಾತ್ರೆ ಎತ್ತಿಕೊಂಡು ಎದ್ದಳು. “ಇಷ್ಟು ವರ್ಷ ನಾನು ಹಾಲು ಎರೆದದ್ದು ಅಂಥಾದ್ದಕ್ಕಾ? ಒಬ್ಬಳು ಹೆಂಗಸನ್ನು ಮಣ್ಣೊಳಗೆ ಹಾಗೆ ಮಲಗಿಸಿ, ಮೇಲಿನಿಂದ ನಾನು ಹಾಲು ಎರೆದದ್ದಾ?” ಎಂದು ಇಳಿದು ಹೋದಳು.

ಆ ದಿನದಿಂದ ಅವಳು ಮರದ ಕಡೆಗೆ ತಲೆ ಹಾಕಲಿಲ್ಲ. ಸಂಜೆಯ ದೀಪ ಇಡಲು ನನ್ನನ್ನು ಕಳಿಸಿದಳು. ಮಾವಶಿ ಬಂದು “ಕಾಯ್ ಝಾಲಂ ಗಂ? ಏನಾಯಿತೇ?” ಎಂದು ಕೇಳಿದರೆ ಸೊಂಟನೋವು ಎಂದಳು; ತನು ಬೇರೆ ಯಾರಾದರೂ ಹಾಕಲಿ ಎಂದಳು. ನನಗೆ ಹೆದರಿಕೆಯಾಯಿತು. ಅಪ್ಪನಿಗೆ ಕ್ಯಾಂಟೀನಿತ್ತು, ನನಗೆ ಕಾಲೇಜಿತ್ತು. ಈ ಊರಿನಲ್ಲಿ ಅಮ್ಮನಿಗೆ ತನ್ನದೆಂದು ಇದ್ದದ್ದು ಆ ಕಲ್ಲೊಂದೇ. ಅದು ಅವಳ ಕೈ ತಪ್ಪಿ ಹೋದರೆ ಮತ್ತೊಂದನ್ನು ನಾನು ಎಲ್ಲಿಂದ ತಂದುಕೊಡಲಿ?

ಡೊಂಬಿವಿಲಿಗೆ ಹೋಗಿ ಮೇಡಂ ಮನೆಯಲ್ಲಿ ಕೂತು ಅಮ್ಮನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಅವರು ಚಹಾ ಸೋಸುತ್ತಿದ್ದರು. “ನಿನ್ನ ಅಮ್ಮ ಕೇಳಿದ್ದನ್ನು ನಾನೂ ಕೇಳಿಕೊಂಡಿದ್ದೇನೆ,” ಎಂದರು. “ಕೆತ್ತಿಸಿದವರು ಗಂಡಸರು, ಕೆತ್ತಿದವರು ಗಂಡಸರು. ಇದು ತಪ್ಪು ಎಂದು ಆಗಿನ ಕಾಲದಲ್ಲೇ ಯಾರಿಗಾದರೂ ಅನಿಸಿರಬಹುದು. ಅನಿಸಿತ್ತು ಎಂದು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಇಲ್ಲದ್ದನ್ನು ನಾನು ಸಮಾಧಾನಕ್ಕೆ ಹೇಳಲಾರೆ.” ಇದನ್ನು ಹಾಗೆಯೇ ಅಮ್ಮನಿಗೆ ಒಪ್ಪಿಸಿದೆ. ಅವಳು “ಹ್ಞೂಂ” ಎಂದಳು, ಅಷ್ಟೆ.

ಭಾನುವಾರ ಬೆಳಿಗ್ಗೆ ನಾನೊಬ್ಬಳೇ ಹೊರಟಿದ್ದೆ. ಬಾಗಿಲ ಹತ್ತಿರ ಚಪ್ಪಲಿ ಹಾಕುವಾಗ ಹಿಂದಿನಿಂದ ಅಮ್ಮ ಬಂದಳು. ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಕೈಯಲ್ಲಿ ಹಾಲಿನ ಚೊಂಬು. ನಾನು ಏನೋ ಹೇಳಹೋದೆ. “ಬಾಯಿ ಮುಚ್ಚಿಕೊಂಡು ನಡಿ,” ಎಂದಳು.

ಮರದ ಬುಡದಲ್ಲಿ ಕಾಲೊನಿಯೇ ನೆರೆದಿತ್ತು. ಮೇಡಂ ಕೂಡ ಬಂದು ಹೆಂಗಸರ ನಡುವೆ ನಿಂತಿದ್ದರು. ಕಲಬುರಗಿಯ ಗಂಡಸರು ಹಾರೆ, ಹಗ್ಗ ಹಿಡಿದು ತಯಾರಾಗಿದ್ದರು. ಅಮ್ಮ ನೇರವಾಗಿ ಅವರ ಹಿರಿಯಳ ಹತ್ತಿರ ಹೋದಳು.

“ಎಲ್ಲಮ್ಮನಿಗೆ ಅಂತ ಸೀರೆ ತಂದಿದ್ದಿಯಲ್ಲ, ಎಲ್ಲುಂಟು?”

“ಐತ್ರಿ ಯಕ್ಕಾ. ಕುಂದ್ರಿಸಿದ ಮ್ಯಾಲ ಉಡಸ್ತೀವಿ.”

“ನಿಮ್ಮಲ್ಲಿ ದೇವಿಗೆ ಸೀರೆ ಉಡಿಸುವಾಗ ಗಂಡಸರು ನೋಡ್ಬಹುದಾ?”

“ಅಯ್ಯ, ಎಲ್ಲೀದ್ರಿ! ಸುತ್ತ ಸೀರಿ ಹಿಡದು ಮರಿ ಮಾಡ್ಬೇಕು. ಗಂಡಸ್ರು ಬೆನ್ನ ತಿರಿವಿ ನಿಂದ್ರಬೇಕು.”

“ಹಾಗಾದ್ರೆ ಕಲ್ಲು ಎತ್ತಿ ಒರಗಿಸಿದ ಕೂಡಲೇ ಮರೆ ಹಿಡೀರಿ. ನನ್ನ ಮಗಳು ಒಳಗೆ ಹೋಗಿ ತೊಳೀತಾಳೆ.”

ನಮ್ಮ ಕಡೆಯ ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. “ಎಂತ ಮಾರಾಯ್ತಿ ಇದು, ನಾಗನಿಗೆ ಸೀರೆಯಾ? ಎಲ್ಲಿಯಾದ್ರೂ ಉಂಟಾ?” ಎಂದು ಒಬ್ಬರು ದನಿ ಏರಿಸಿದರು.

“ಇವತ್ತಿಗೆ ಎಲ್ಲಮ್ಮ ಅಂತಲೇ ಇಟ್ಟುಕೊಳ್ಳಿ,” ಎಂದಳು ಅಮ್ಮ.

ಬಳೆಗೂ ಜಗಳ ತೆಗೆಯುತ್ತಿದ್ದ ನನ್ನ ಅಮ್ಮ! ನಾಗನನ್ನು ತಾನಾಗಿ ಬಿಟ್ಟುಕೊಟ್ಟ ಅವಳನ್ನು ನಾನು ಬೆರಗಾಗಿ ನೋಡಿದೆ. ಮಣ್ಣೊಳಗಿನ ಹೆಂಗಸಿನ ಮಾನ ಕಾಯಲು ಅವಳಿಗೆ ಒಂದು ಸೀರೆ ಬೇಕಿತ್ತು. ಸೀರೆ ಉಡುವ ದೇವರು ಎಲ್ಲಮ್ಮನೇ ಆಗಿದ್ದರಿಂದ ತನ್ನ ದೇವರ ಹೆಸರನ್ನೇ ಬದಲಾಯಿಸಿಬಿಟ್ಟಿದ್ದಳು.

ಹಾರೆ ಹಾಕಿದರು. ಹಗ್ಗ ಬಿಗಿದು, ಒಂದೇ ಉಸಿರಿಗೆ ಕೂಗಿ ಎತ್ತಿದರು. ಕಲ್ಲು ಹಲ್ಲಿನಂತೆ ಬುಡ ಸಮೇತ ಮೇಲೆ ಬಂತು, ನಾವು ಕಂಡದ್ದಕ್ಕಿಂತ ಉದ್ದದ ಭಾಗ ಮಣ್ಣೊಳಗಿತ್ತು. ಕೆಳಗಿನ ಅರ್ಧಕ್ಕೆ ಜೇಡಿಮಣ್ಣು ದಪ್ಪಗೆ ಮೆತ್ತಿಕೊಂಡು ಏನೂ ಕಾಣುತ್ತಿರಲಿಲ್ಲ. ಮರಕ್ಕೆ ಒರಗಿಸುತ್ತಿದ್ದಂತೆ ಹಸಿರು ಸೀರೆ ಬಿಚ್ಚಿಕೊಂಡಿತು. ಅದರ ಒಂದು ತುದಿ ಕಲಬುರಗಿಯಾಕೆಯ ಕೈಯಲ್ಲಿ, ಒಂದು ತುದಿ ಮಾವಶಿಯ ಕೈಯಲ್ಲಿ, ನಡುವೆ ಮೇಡಂ. ಗಂಡಸರು ಬೆನ್ನು ತಿರುಗಿಸಿದರು. ನಾನು ಕೊಡ ಹಿಡಿದು ಒಳಗೆ ಹೋದೆ.

ಬಿಸಿಲು ಸೀರೆಯನ್ನು ಹಾಯ್ದು ಒಳಗೆಲ್ಲ ಹಸಿರಾಗಿತ್ತು. ನೀರು ಹೊಯ್ದು ಅಂಗೈಯಿಂದ ಉಜ್ಜಿದೆ. ಮೊದಲು ಅಕ್ಷರಗಳು ಬಂದವು, ಸಾಲು ಸಾಲಾಗಿ. ಮೇಡಂ ಕಲಿಸಿದ್ದರಲ್ಲಿ ಅಲ್ಲೊಂದು ಇಲ್ಲೊಂದು ಗುರುತು ಸಿಕ್ಕಿತು, ಉಳಿದದ್ದು ಸಿಗಲಿಲ್ಲ. ಸಾವಿರ ವರ್ಷದ ಹಿಂದೆ ಒಬ್ಬ ಮನುಷ್ಯ ಕೂತು ಕೆತ್ತಿದ ಗೆರೆಗಳ ಒಳಗೆ ನನ್ನ ಬೆರಳು ಸರಿಯಾಗಿ ಕೂರುತ್ತಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈಯಲ್ಲಿ ಮಣ್ಣು. ಇನ್ನಷ್ಟು ನೀರು ಹೊಯ್ದೆ. ಕತ್ತೆಯ ಕಿವಿ ಕಂಡಿತು, ಬೆನ್ನು, ಬಾಲ, ಕಾಲುಗಳು. ಕತ್ತೆಯ ಕೆಳಗೆ ಉಜ್ಜಿದೆ.

ಅಲ್ಲಿ ಹೆಂಗಸು ಇರಲಿಲ್ಲ.

ಕಲ್ಲು ಒಡೆದು ಹೋಗಿರಲಿಲ್ಲ. ಉಳಿಯ ಮೊನೆಯಿಂದ ಒತ್ತೊತ್ತಾಗಿ ಕುಟ್ಟಿದ ಚುಕ್ಕೆಗಳು ಮಲಗಿದ ಮೈಯೊಂದರ ಅಳತೆಗೆ ಸರಿಯಾಗಿ ತುಂಬಿದ್ದವು. ಒಂದು ಕಡೆ ಕಾಲ್ಬೆರಳಿನ ತುದಿ ಮಾತ್ರ ಉಳಿದಿತ್ತು. ಕತ್ತೆಯ ಒಂದು ಗೊರಸಿಗೂ ಪೆಟ್ಟು ಬಿದ್ದಿರಲಿಲ್ಲ, ಮೇಲಿನ ಒಂದು ಅಕ್ಷರಕ್ಕೂ ತಾಗಿರಲಿಲ್ಲ. ಯಾರೋ ದಾನವನ್ನು ಹಾಗೆಯೇ ಇಟ್ಟು, ಶಾಪವನ್ನೂ ಇಟ್ಟು, ಅವಳೊಬ್ಬಳನ್ನು ಮಾತ್ರ ಬಿಡಿಸಿಕೊಂಡು ಹೋಗಿದ್ದರು. ಆ ಚುಕ್ಕೆಗಳೂ ಸವೆದು, ಕಲ್ಲಿನ ಉಳಿದ ಬಣ್ಣವೇ ಅವಕ್ಕೂ ಬಂದಿತ್ತು.

ನಾನು ಕೆಸರಿನಲ್ಲೇ ಕೂತೆ. ಹೊರಗಿನಿಂದ ಅಮ್ಮ ತುಳುವಿನಲ್ಲಿ ಮೆಲ್ಲಗೆ, “ಎಂತ ಉಂಟು?” ಎಂದಳು. ಬಾ ಎಂದೆ. ಅವಳು ಚೊಂಬನ್ನು ಪಕ್ಕದವರ ಕೈಗೆ ಕೊಟ್ಟು, ಮರೆಯ ಸೀರೆ ಎತ್ತಿ ಒಳಗೆ ಬಂದಳು. ನಾನು ಅವಳ ಕೈ ಹಿಡಿದು ಆ ಜಾಗದ ಮೇಲೆ ಇಟ್ಟೆ.

“ಕತ್ತೆ ಉಂಟು ಅಮ್ಮ. ಹೆಂಗಸು ಇಲ್ಲ. ಯಾರೋ ಕುಟ್ಟಿ ತೆಗೆದಿದ್ದಾರೆ.”

ಅಮ್ಮ ಅಂಗೈಯನ್ನು ಚುಕ್ಕೆಗಳ ಮೇಲೆ ಈ ತುದಿಯಿಂದ ಆ ತುದಿಗೆ ಸವರಿದಳು.

“ಹಳತಾ?”

“ಹಳತು. ತುಂಬಾ ಹಳತು.”

“ನನಗಿಂತ ಮೊದಲೇ ಯಾರೋ ಕೇಳಿದ್ದಾರೆ ಹಾಗಾದ್ರೆ.”

“ಕೇಳಿದ್ದಾರೆ ಅಮ್ಮ.”

ಅವಳು ಮುಖ ಒರೆಸಿಕೊಂಡು, ಸೀರೆಯಾಚೆಗೆ ಕೈ ಚಾಚಿ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದಳು:

“ಹಾಲು ಕೊಡಿ ಇಲ್ಲಿ.”